ಮೀನಿಲ್ಲದ ಪೆಟ್ಟಿಗೆಗೆ ದಿನಕ್ಕೊಂದು ಚಿಟಿಕೆ

ನಾನು ಬಾಯಿಬಡಕಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೀವು ಹೇಳುವುದು ಬೇಡ. ನಿಲಂಗಾದ ಒಂದು ಮರಾಠಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ಅಲ್ಲಿ ನನ್ನಷ್ಟು ಸಮಾಧಾನದವಳು ಇನ್ನೊಬ್ಬಳಿಲ್ಲ. ಒಂದೇ ಲೆಕ್ಕವನ್ನು ಏಳು ಸಲ ಬೇಕಾದರೂ ಹೇಳಿಕೊಟ್ಟೇನು. ಆದರೆ ಆ ಸಮಾಧಾನವೆಲ್ಲ ಶಾಲೆಯ ಗೇಟಿನ ಹತ್ತಿರವೇ ಖರ್ಚಾಗಿ, ಮನೆಗೆ ನನ್ನ ಜೊತೆ ಬರುವುದು ನಾಲಿಗೆಯೊಂದೇ.

ಮಗಳಿಗೆ ಒಂಬತ್ತು ತುಂಬಿದ ದಿನ ಉದಗೀರಿನಿಂದ ಮೀನಿನ ಗಾಜಿನ ಪೆಟ್ಟಿಗೆ ತಂದೆವು. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ಕಿತ್ತಳೆ ಬಣ್ಣದ ಮೀನು. ಬಸ್ಸಿನಲ್ಲಿ ಆಕೆ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಊರು ಬರುವವರೆಗೂ ಅಲುಗಾಡಲಿಲ್ಲ. ಮನೆಗೆ ಬಂದವಳೇ ನಾನು ಪೆಟ್ಟಿಗೆಯನ್ನು ಸೋಪಿನ ಪುಡಿ ಹಾಕಿ ಗಸಗಸ ತಿಕ್ಕಿದೆ, ನಳದ ನೀರು ತುಂಬಿಸಿದೆ, ಅರ್ಧ ಗಂಟೆಯೊಳಗೆ ಮೀನು ಬಿಟ್ಟೂಬಿಟ್ಟೆ. ಓಣಿಯ ಮಂದಿಯೆಲ್ಲ ನೋಡಿಹೋದರು.

ಮೂರನೆಯ ದಿನ ನೀರು ಬೆಳ್ಳಗಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ನಾಲ್ಕನೆಯ ದಿನ ಮುಂಜಾನೆ ಎದ್ದು ನೋಡಿದರೆ ಹತ್ತೂ ತೇಲುತ್ತಿದ್ದವು. ತಳದಲ್ಲಿ ಮಗಳು ಹಾಕಿದ್ದ ನಾಲ್ಕು ಚುರುಮುರಿ ಉಬ್ಬಿ ಕೂತಿದ್ದವು. ಅದನ್ನು ನೋಡಿದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು.

"ತಿನಿಸಿ ತಿನಿಸಿ ಕೊಂದಿ ನೋಡು! ನಿನ್ನ ಕೈಯಾಗ ಏನೂ ಉಳಿಯಂಗಿಲ್ಲ!"

ಆಕೆ ಅಳಲಿಲ್ಲ. ಒಂದೊಂದೇ ಮೀನನ್ನು ಕೈಯಿಂದ ಎತ್ತಿ ತಾಟಿನಲ್ಲಿಟ್ಟಳು. "ಅವ್ವಾ, ತಣ್ಣಗವ," ಎಂದಳು. "ಸತ್ತದ್ದು ತಣ್ಣಗಿರದೇ ಬೆಚ್ಚಗಿರ್ತದೇನ?" ಎಂದು ನಾನು ಸೆರಗು ಸರಿಮಾಡಿಕೊಂಡು ಶಾಲೆಗೆ ಹೋದೆ. ಸಂಜೆ ಶಿರಾ ಮಾಡಿ ತಿನ್ನಿಸಿದೆ, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ನನ್ನ ಮಟ್ಟಿಗೆ ಅಲ್ಲಿಗೆ ಅದು ಮುಗಿದಿತ್ತು.

ಐದು ತಿಂಗಳಾದ ಮೇಲೆ ನನ್ನ ತಂಗಿ ತವರಿನಲ್ಲಿ ಹಡೆದಳು. ತವರು ಎಂದರೆ ಉಮರ್ಗಾ ಹತ್ತಿರದ ದಾಳಿಂಬ. ಹನ್ನೆರಡನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಬಾರಸಾ. ನಮ್ಮ ಕಡೆ ಆ ಹೊತ್ತಿಗೆ ಹೆಂಗಸರು ತೊಟ್ಟಿಲಿನ ಎರಡೂ ಬದಿ ನಿಂತು, ಹಾಡುತ್ತ, ಕೂಸನ್ನು ತೊಟ್ಟಿಲ ಕೆಳಗಿನಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ಮಗಳೂ ಹೊಸ ಪರಕರ ಉಟ್ಟು ಸಾಲಿನಲ್ಲಿ ನಿಂತಿದ್ದಳು. ಕೂಸು ಆಕೆಯ ಹತ್ತಿರ ಬಂತು. ಆಕೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಕೈ ಚಾಚ, ಅಕ್ಕಾಗೀದಿ ಈಗ ನೀ," ಎಂದಳು ತಂಗಿ ನಗುತ್ತ.

"ನಾ ಒಲ್ಲೆ ಚಿಗವ್ವಾ. ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಹಾಡು ನಿಂತುಹೋಯಿತು. ಬಾಣಂತಿ ತಂಗಿ ಗಾಬರಿಯಾಗಿ ಕೂಸನ್ನು ತಾನೇ ಇಸಿದುಕೊಂಡು ಎದೆಗೆ ಒತ್ತಿಕೊಂಡಳು. ನನ್ನ ಅವ್ವ ಬಂದು ಮೊಮ್ಮಗಳ ಗಲ್ಲ ಹಿಡಿದು, "ಹುಚ್ಚಿ, ಯಾರ ಹೇಳ್ಯಾರ ನಿನಗ ಹಿಂಗ?" ಎಂದು ಕೇಳಿದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಇಲ್ಲ," ಎಂದಳು.

ಅಯ್ಯೋ ದೇವರೇ! ನನ್ನ ಮಾತು, ಅಕ್ಷರವೂ ಬದಲಾಗದೆ, ಐದು ತಿಂಗಳು ಆಕೆಯ ಹೊಟ್ಟೆಯಲ್ಲಿ ಕೂತಿತ್ತು. ಅದರ ಮೇಲೆ ನನ್ನ ಮಾನ ಬೇರೆ ಕಾಯ್ದಳು. ಯಾರೋ ಚಹಾ ಕೊಟ್ಟರು, ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಮರಳುವಾಗ ಉಮರ್ಗಾ ಸ್ಟ್ಯಾಂಡಿನಲ್ಲಿ ನಿಲಂಗಾ ಬಸ್ಸಿಗೆ ಕಾಯುತ್ತ, "ನಾ ಅವತ್ತ ಸಿಟ್ಟಿನ್ಯಾಗ ಅಂದಿದ್ದೆ, ಅದು ಖರೇ ಅಲ್ಲ," ಎಂದೆ.

"ಖರೇನ ಅದ," ಎಂದಳು. "ಹತ್ತೂ ಸತ್ತಾವಲ್ಲ."

ಮೀನು ಯಾಕೆ ಸತ್ತವೆಂದು ನನಗೇ ಗೊತ್ತಿರಲಿಲ್ಲ. ಮುಂದಿನ ರವಿವಾರ ಒಬ್ಬಳೇ ಉದಗೀರಿಗೆ ಹೋಗಿ ಮೀನಿನ ಅಂಗಡಿಯ ಮುದುಕನ ಮುಂದೆ ನಿಂತೆ. ನಡೆದದ್ದನ್ನೆಲ್ಲ ಕೇಳಿ ಆತ ಒಂದೇ ಪ್ರಶ್ನೆ ಕೇಳಿದ.

"ನೀರ ಎಷ್ಟ ದಿನಾ ಮುರಸಿದ್ರಿ, ತಾಯಿ?"

ಮುರಸುವುದು ಉಪ್ಪಿನಕಾಯಿಯ ಮಾತು. ಹಾಕಿದ ಕೂಡಲೇ ತಿನ್ನಬಾರದು, ಭರಣಿಯಲ್ಲಿ ಬಿಟ್ಟು ಹದಕ್ಕೆ ಬರುವತನಕ ಕಾಯಬೇಕು. ನೀರನ್ನೂ ಮುರಸುತ್ತಾರೆಂದು ನಾನು ಕೇಳಿರಲಿಲ್ಲ.

"ಮೀನ ಹೇತಿದ್ದು ಆ ನೀರಿನ್ಯಾಗೇ ಇರ್ತದ್ರಿ. ಅದು ವಿಷ. ಆ ವಿಷಾ ತಿನ್ನೋ ಕಣ್ಣಿಗಿ ಕಾಣದ ಹುಳಾ ಇರ್ತಾವ. ಅವು ಕಲ್ಲಿನ್ಯಾಗ, ಫಿಲ್ಟರಿನ್ಯಾಗ ಹುಟ್ಟಿ ಬೆಳಿಲಿಕ್ಕ ತಿಂಗಳ ಮ್ಯಾಲ ಬೇಕು. ಅಲ್ಲೀತನಾ ಮೀನ ಬಿಡಬಾರದು."

"ಮತ್ತ ಚುರುಮುರಿ?"

"ನಾಕ ಚುರುಮುರಿಗಿ ಹತ್ತ ಮೀನ ಸಾಯ್ತಾವೇನ್ರಿ? ಸೋಪಿನ ಪುಡಿ ಹಚ್ಚಿ ತಿಕ್ಕೀರಿ, ಔಷಧ ಹಾಕಿದ ನಳದ ನೀರ ತುಂಬೀರಿ, ಅದೇ ದಿನಾ ಬಿಟ್ಟೀರಿ. ಅವು ಬಿಟ್ಟಾಗೇ ಸತ್ತಿದ್ವು ತಿಳೀರಿ."

ಕೊಂದವಳು ನಾನು. ಕೊಂದು, ಆ ಕೊಲೆಯನ್ನು ಒಂಬತ್ತು ವರ್ಷದ ಹುಡುಗಿಯ ಕೈಗೆ ಒರೆಸಿದ್ದೆ.

ಮನೆಗೆ ಬಂದು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ದೊಡ್ಡ ಬಾಯಿ, ಆ ಒಂದು ಮಾತಿಗೆ ತೆರೆಯಲಿಲ್ಲ. ಮೊದಲು ನೀರು ಮುರಸಿ, ಬದುಕುವ ಮೀನು ತೋರಿಸಿ, ಆಮೇಲೆ ಹೇಳೋಣವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಬರೇ ನೀರಿನಲ್ಲಿ ಹತ್ತು ಸಲ ತೊಳೆದೆ. ಮರಳು, ಕಲ್ಲು ಹಾಕಿದೆ. ನೀರನ್ನು ಎರಡು ದಿನ ಬಾಯಿ ತೆರೆದ ಕೊಳಗದಲ್ಲಿ ಇಟ್ಟು ಆಮೇಲೆ ತುಂಬಿಸಿದೆ. ಫಿಲ್ಟರು ಬುಳುಬುಳು ಶುರುವಾಯಿತು. ಮುದುಕ ಹೇಳಿದ ಹಾಗೆ, ಆ ಹುಳಗಳಿಗೆಂದು, ದಿನವೂ ಒಂದು ಚಿಟಿಕೆ ಮೀನಿನ ಕಾಳು ಹಾಕತೊಡಗಿದೆ. ಮಗಳನ್ನು ಕರೆದರೆ, "ನೀ ಮಾಡು. ನಾ ಮುಟ್ಟಂಗಿಲ್ಲ," ಎಂದು ಒಳಗೆ ಹೋದಳು.

ನನ್ನ ಅತ್ತೆಯವರು ಲಿಂಗಪೂಜೆಯಾಗದೆ ನೀರು ಮುಟ್ಟದವರು. ಮನೆಯಲ್ಲಿ ಮೀನೆಂದರೆ ಮೊದಲೇ ಮುಖ ಸಿಂಡರಿಸಿದ್ದರು. ಈಗ ಮೀನೂ ಇಲ್ಲ!

"ಯಾರಿಗಿ ಉಣಸ್ಲತ್ತಿ ಅಲ್ಲಿ? ಶಾಣ್ಯಾಕಿ ಸೊಸಿ ಸಿಕ್ಕಾಳ ನನಗ," ಎಂದು ಬಂದವರಿಗೆಲ್ಲ ಹೇಳಿ ನಕ್ಕರು. ನಾನು ಹುಳದ ಕಥೆಯನ್ನು ಅವರಿಗೆ ಅಡುಗೆಮನೆಯಲ್ಲಿ ನಾಲ್ಕು ಸಲ ಬಿಡಿಸಿ ಹೇಳಿದೆ.

ಎರಡನೆಯ ವಾರ ನೀರು ಕಲಕಿ ಗಂಜಿಯಾಯಿತು. ಹೀಗಾಗುತ್ತದೆ, ತಾನೇ ತಿಳಿಯಾಗುತ್ತದೆ, ಕೈ ಹಾಕಬೇಡಿ ಎಂದು ಮುದುಕ ಹೇಳಿದ್ದ. ಒಂದು ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಒಳಗೆ ಮಗಳು ಕಿರುಚಿದಳು. ಓಡಿದೆ. ಅತ್ತೆಯ ಕೈಯಲ್ಲಿ ತುರಟಿ. ರಾಡಿ ನೀರು ತಿಳಿಯಾಗಲೆಂದು ನಾವು ಕೊಡದಲ್ಲಿ ತಿರುವುವ ಬಿಳಿ ಕಲ್ಲು. ಆ ಕೈಯನ್ನು ಮಗಳು ತನ್ನ ಎರಡೂ ಕೈಯಿಂದ ಹಿಡಿದು ಜೋತುಬಿದ್ದಿದ್ದಳು.

"ಹಾಕಬ್ಯಾಡ ಆಯಿ! ಇನ್ನಾ ಮುರದಿಲ್ಲ ಅದು! ಒಳಗ ಹುಳಾ ಹುಟ್ಲತ್ತಾವ, ಸಾಯ್ತಾವ!"

ಮುಟ್ಟುವುದಿಲ್ಲ ಎಂದವಳು ಅಡುಗೆಮನೆಯ ಮಾತನ್ನೆಲ್ಲ ಕದ್ದು ಕೇಳಿದ್ದಳು. ಅಷ್ಟೇ ಅಲ್ಲ, ಗಣಿತದ ವಹಿಯ ಹಿಂದಿನ ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆದಿದ್ದಳು, ಶಾಲೆಯ ಮರಾಠಿಯಲ್ಲಿ: ಇಂದು ನೀರು ಸ್ವಚ್ಛ, ಇಂದು ನೀರು ಬಿಳಿ, ಇಂದು ಇನ್ನೂ ಬಿಳಿ. ವಹಿಯನ್ನು ನನ್ನ ಮುಂದೆ ಹಿಡಿದು ಕೇಳಿದಳು.

"ಅವ್ವಾ, ಹೋದ ಸಲ ಎಷ್ಟ ದಿನಾ ಮುರಸಿದ್ದಿವಿ?"

ಅತ್ತೆ ತುರಟಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಒಂದ ದಿನಾನೂ ಇಲ್ಲ," ಎಂದೆ. "ಸೋಪಿನ ಪುಡಿ ಹಚ್ಚಿ ತಿಕ್ಕಿದ್ದು ನಾ. ನೀರ ತುಂಬಿದ್ದು ನಾ. ಗಡಬಡ ಮಾಡಿ ಬಿಟ್ಟಿದ್ದೂ ನಾನ. ನಿನ್ನ ಚುರುಮುರಿಗಿ ಸತ್ತಿಲ್ಲ ಅವು. ನಾ ಕೊಂದೀನಿ."

"ಹತ್ತೂ?"

"ಹತ್ತೂ."

"ನಿನಗ ಯಾವಾಗ ಗೊತ್ತಾತು?"

"ಉದಗೀರಕ್ಕ ಹೋದ ದಿನ."

ಆಕೆ ವಹಿಯ ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿ, ನೀರು ಕೊಳಗದಲ್ಲಿದ್ದ ಎರಡು ದಿನವನ್ನೂ ಕೂಡಿಸಿದಳು. "ಹದಿನೆಂಟ ದಿನಾ ಆತು," ಎಂದಳು. "ಹದಿನೆಂಟ ದಿನಾ ಸುಮ್ಮ ಕೂತಿದ್ದಿ?"

ನನ್ನ ಕೆನ್ನೆಗೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಆಕೆ ಅತ್ತಳು ನೋಡಿ, ಆ ಮುಂಜಾನೆ ಅಳದಿದ್ದನ್ನೂ ಸೇರಿಸಿ, ಬಿಕ್ಕಳಿಸಿ. ಅತ್ತೆ ಆಕೆಯನ್ನು ಮಡಿಲಿಗೆ ಎಳೆದುಕೊಂಡು, "ಈ ತುರಟಿ ಮೊದಲ ನಿನ್ನ ನಾಲಗಿಗಿ ತಿರುವಬೇಕಿತ್ತು," ಎಂದು ನನಗೆ ಗದರಿದರು. ಹೂಂ ಎಂದೆ. ಅವರು ಹೇಳಿದ್ದರಲ್ಲಿ ಏನು ತಪ್ಪಿತ್ತು?

ನಾಲ್ಕು ದಿನ ಮಗಳು ನನ್ನ ಜೊತೆ ಮಾತಾಡಲಿಲ್ಲ. ಐದನೆಯ ದಿನ ಮುಂಜಾನೆ ನಾನು ಚಿಟಿಕೆ ಹಾಕಲು ಹೋದರೆ ಕಾಳಿನ ಡಬ್ಬಿ ಆಕೆಯ ಕೈಯಲ್ಲಿತ್ತು. "ಹಾಕೀನಿ," ಎಂದಳು, ಅಷ್ಟೇ. ಅಲ್ಲಿಂದ ಮೂರು ವಾರದ ಮೇಲೆ ನೀರು ತಿಳಿಯಾಯಿತು. ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖು ಕೂಡ ಪೆಟ್ಟಿಗೆಯೊಳಗಿಂದ ಓದಲು ಬರುತ್ತಿತ್ತು. ಇನ್ನೂ ಒಂದು ವಾರ ಆಕೆಯೇ ಕಾಯಿಸಿದಳು. ರವಿವಾರ ನಾನು ಸೀರೆ ಉಟ್ಟು ತಯಾರಾಗಿ, "ನಡಿ, ಉದಗೀರಕ್ಕ ಹೋಗಿ ಮೀನ ತರೋಣು," ಎಂದೆ.

"ಮೀನ ಆಮ್ಯಾಲ," ಎಂದಳು. "ಮೊದಲ ದಾಳಿಂಬಕ್ಕ ಹೋಗೋಣು."

ಮೀನು ಮುಂದಿನ ವಾರ ಬಂದವು, ಮೂರೇ ಮೂರು. ಮೂರೂ ಈಗಲೂ ಇವೆ. ಆದರೆ ನನ್ನ ಕಣ್ಣ ಮುಂದೆ ಇರುವುದು ಆ ದಾಳಿಂಬದ ದಿನ. ಆಕೆ ಬಚ್ಚಲಿನಲ್ಲಿ ಮೂರು ಸಲ ಕೈ ತೊಳೆದುಕೊಂಡು ಬಂದಳು. ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿ ಕೂತು, ಎರಡೂ ಕೈ ಮುಂದೆ ಮಾಡಿ, "ಕೊಡು ಚಿಗವ್ವಾ," ಎಂದಳು. ತಂಗಿ ಒಮ್ಮೆ ನನ್ನ ಕಡೆ ನೋಡಿ, ಕೂಸನ್ನು ಆ ಕೈಗಳಲ್ಲಿ ಇಟ್ಟಳು. ಆಕೆ ಉಸಿರು ಬಿಗಿಹಿಡಿದು ಕೂತಳು, ಬಸ್ಸಿನಲ್ಲಿ ಆ ಚೀಲ ಹಿಡಿದು ಕೂತಿದ್ದಳಲ್ಲ, ಹಾಗೆ. ಕೂಸು ಕೈಕಾಲು ಬಡಿಯಿತು, ಆಕಳಿಸಿತು. ಮಗಳು ಬೆಚ್ಚಿಬಿದ್ದವಳ ಹಾಗೆ ಕಣ್ಣು ಅಗಲಿಸಿ ನನ್ನನ್ನು ನೋಡಿದಳು.

"ಅವ್ವಾ," ಎಂದಳು, "ಬೆಚ್ಚಗದ."