ಬೆರಳಮ್ಮನ ಬೂದು ಕಾಗದ

ಕಾಗದದ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಬೆರಳಮ್ಮ. ಹತ್ತೊಂಬತ್ತು ವರ್ಷಗಳಿಂದ ಅವಳದು ಒಂದೇ ಕೆಲಸ: ಯಂತ್ರದಿಂದ ಇಳಿದ ಪ್ರತಿ ಸುರುಳಿಯಿಂದ ಒಂದು ತುಂಡು ಹರಿದು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಚೀಟಿಯಲ್ಲಿ 'ಮೆತ್ತಗಿದೆ' ಅಥವಾ 'ಒರಟು' ಎಂದು ಬರೆಯುವುದು. ಅಡುಗೆಕಟ್ಟೆ ಒರೆಸುವ ಕಾಗದ, ಮೂಗು ಒರೆಸುವ ಕಾಗದ, ಕಕ್ಕಸಿನ ರೋಲು, ಯಾವುದೂ ಅವಳ ಬೆರಳು ತಪ್ಪಿಸಿ ಅಂಗಡಿಗೆ ಹೋಗುವಂತಿರಲಿಲ್ಲ.

ಬೆರಳು ಒರಟಾಗಬಾರದೆಂದು ಅವಳು ಪಾತ್ರೆ ಮುಟ್ಟುತ್ತಿರಲಿಲ್ಲ. ತೊಳೆಯುವುದು ಗಂಡನ ಪಾಲು. ಪಕ್ಕದ ಮನೆಯವಳು ಒಮ್ಮೆ ಮಹಾರಾಣಿಯ ಬೆರಳು ಎಂದು ಹಂಗಿಸಿದಾಗ ಅತ್ತೆ ಬಾಗಿಲಿಗೇ ಬಂದು ನಿಂತರು. "ಆ ಬೆರಳಿಂದ ನಮ್ಮನೇಲಿ ಅನ್ನ ಬೇಯುತ್ತೆ. ನಿನ್ನ ನಾಲಿಗೆಯಿಂದ ನಿಮ್ಮನೇಲಿ ಏನು ಬೇಯುತ್ತಮ್ಮಾ?"

ಒಂದು ವರ್ಷದ ಹಿಂದೆ ಎರಡನೇ ಯಂತ್ರ ಬಂತು. ಹಳೆಯ ನೋಟ್‌ಬುಕ್ಕು, ಕಚೇರಿಗಳ ರದ್ದಿ, ಎಲ್ಲವನ್ನೂ ನೆನೆಸಿ, ಶಾಯಿ ಬಿಡಿಸಿ ಅದರಲ್ಲಿ ಕಾಗದ ಮಾಡುತ್ತಿದ್ದರು. ಮರ ಕಡಿಯುವ ಮಾತಿಲ್ಲ, ಬ್ಲೀಚೂ ಇಲ್ಲ. ಮೊದಲ ಯಂತ್ರ ಓಡುವ ದಿನ ಹಿಂದಿನ ಕಾಲುವೆಯಲ್ಲಿ ನೊರೆ ತೇಲಿ ಗಂಟಲು ಕೆರೆಯುತ್ತಿತ್ತು. ಎರಡನೆಯದು ಓಡುವ ದಿನ ಅವಳು ಕಿಟಕಿ ತೆರೆದು ಕೂರುತ್ತಿದ್ದಳು. ಆ ಕಾಗದದ ಬಣ್ಣ ಮಾತ್ರ ಬೂದು. ಬೆರಳಿಗೆ ಹಿತವಾಗಿತ್ತು. 'ಮೆತ್ತಗಿದೆ' ಎಂದೇ ಬರೆದಳು.

ಆದರೆ ಕೊಂಡವರ ದೂರು ಬರತೊಡಗಿತು. ಒರಟಂತೆ, ಮಗುವಿನ ಮೂಗು ಕೆಂಪಾಯಿತಂತೆ. ಮ್ಯಾನೇಜರು ಅವಳ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಬೆರಳಿಗೂ ವಯಸ್ಸಾಗುತ್ತದಲ್ಲವೇ ಎಂದು ಮೆಲ್ಲಗೆ ಕೇಳಿದರು. ತಿಂಗಳ ಕೊನೆಗೆ ಎರಡನೇ ಯಂತ್ರ ನಿಲ್ಲಿಸುವ ಯೋಚನೆಯಿದೆ ಎಂದೂ ಹೇಳಿದರು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನ ಸೀಟು ಉಜ್ಜಿ ನೋಡಿದಳು, ಪರದೆ ಉಜ್ಜಿ ನೋಡಿದಳು. ಪೇಪರು ಓದುತ್ತಿದ್ದ ಗಂಡನ ಕೆನ್ನೆಯನ್ನೂ ಬಿಡಲಿಲ್ಲ.

"ಪಾಸಾ, ಫೇಲಾ?" ಎಂದ ಅವನು, ತಲೆಯೆತ್ತದೆ.

ರಜೆಯ ದಿನ ಅತ್ತೆಯನ್ನು ಕೂರಿಸಿ, ಕಣ್ಣಿಗೆ ಟವೆಲು ಕಟ್ಟಿ, ಕಾರ್ಖಾನೆಯಿಂದ ತಂದಿದ್ದ ಬೂದು ತುಂಡನ್ನು ಕೈಗಿತ್ತಳು. ಹತ್ತಿಯ ಹಾಗಿದೆ ಎಂದರು ಅತ್ತೆ. ಟವೆಲು ಬಿಚ್ಚಿ ಅದೇ ತುಂಡನ್ನು ಮತ್ತೆ ಕೊಟ್ಟಳು. ಅತ್ತೆ ಮುಖ ಸಿಂಡರಿಸಿದರು. "ಥೂ, ಇದು ಚರ್ಮ ಕೀಳುತ್ತೆ."

ತಾನು ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿ ಮುಟ್ಟಿದ್ದನ್ನು ಜನ ಕಣ್ಣು ಬಿಟ್ಟು ಮುಟ್ಟುತ್ತಾರೆ ಎಂಬುದು ಅವಳಿಗೆ ಹೊಳೆದದ್ದೇ ಆಗ.

ಮರುದಿನ ಬ್ಯಾಗು ಇಡುವ ಮೊದಲೇ ಮ್ಯಾನೇಜರ ಕೋಣೆಗೆ ನುಗ್ಗಿದಳು. ಮೂವರು ಗುಮಾಸ್ತರನ್ನು ಕರೆಸಿ ಅದೇ ಪರೀಕ್ಷೆ ಮಾಡಿಸಿದಳು. ಮೂವರೂ ಅತ್ತೆಯಂತೆಯೇ ಸಿಕ್ಕಿಬಿದ್ದರು. ಮ್ಯಾನೇಜರಿಗೆ ಖುಷಿಯೋ ಖುಷಿ. ಬೆರಳಿನ ತಪ್ಪಲ್ಲ, ಬಣ್ಣದ ತಪ್ಪು. ಹಾಗಾದರೆ ಯಂತ್ರ ನಿಲ್ಲಿಸುವುದೇ ಬೇಡ, ಇದಕ್ಕೂ ನಾಲ್ಕು ಡ್ರಮ್ಮು ಬ್ಲೀಚು ಸುರಿದರಾಯಿತು ಎಂದರು.

ತನ್ನ ಬೆರಳನ್ನು ಉಳಿಸಿಕೊಳ್ಳಲು ಹೋಗಿ ಕಾಲುವೆಗೆ ಬ್ಲೀಚು ಸುರಿಯುವ ದಾರಿಯನ್ನು ತಾನೇ ತೋರಿಸಿಕೊಟ್ಟಿದ್ದಳು.

"ಹಾಗೆ ಮಾಡಿದ್ರೆ ಈ ಯಂತ್ರ ತಂದು ಏನು ಬಂತು ಸಾರ್?"

"ಕೊಳ್ಳೋರಿಗೆ ಬಿಳೀದೇ ಬೇಕಲ್ಲಮ್ಮಾ," ಎಂದರು ಅವರು. ಆಮೇಲೆ, ಚುಚ್ಚುವ ಉದ್ದೇಶವಿಲ್ಲದೆಯೇ ಕೇಳಿದರು: "ನಿಮ್ಮನೇಲಿ ಯಾವುದಿದೆ?"

ತಿಂಗಳಿಗೊಮ್ಮೆ ಕೆಲಸಗಾರರಿಗೆಲ್ಲ ಗೋದಾಮಿನಲ್ಲಿ ಒಂದು ಕಟ್ಟು ರೋಲು ಕೊಡುತ್ತಿದ್ದರು. ಯಾವುದು ಬೇಕೋ ಅದು. ವರ್ಷವಿಡೀ ಅವಳು ಬಿಳಿಯದನ್ನೇ ಒಯ್ದಿದ್ದಳು. ಬೂದು ಇರುವುದು ಮಾರುವುದಕ್ಕೆ ಎಂದುಕೊಂಡಿದ್ದಳೋ, ಏನನ್ನೂ ಅಂದುಕೊಂಡಿರಲಿಲ್ಲವೋ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನೆನಪಾಗಿ ಕಿವಿ ಬಿಸಿಯಾಯಿತು.

"ಬಿಳೀದು," ಎಂದಳು.

"ನಾನೂ ಅದೇ, ಬಿಡಿ."

ಅವಳು ಬಿಡಲಿಲ್ಲ. ಈ ಸಲ ನಮ್ಮವರೇ ಬೂದನ್ನು ಒಯ್ದರೆ ಬ್ಲೀಚು ಹಾಕಬಾರದು ಎಂದು ಹಟ ಹಿಡಿದಳು. ನೂರ ನಲವತ್ತು ಜನರಲ್ಲಿ ಅರ್ಧ ಮಂದಿ ಒಯ್ಯಲಿ, ನೋಡೋಣ ಎಂದರು ಮ್ಯಾನೇಜರು.

ರೋಲು ಹಂಚುವುದಕ್ಕೆ ಉಳಿದದ್ದು ಎಂಟು ದಿನ. ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಮೇಜಿನಿಂದ ಮೇಜಿಗೆ ಅಲೆದಳು. ಲಾರಿಗೆ ಮಾಲು ತುಂಬುವವನು ಕಷ್ಟ ಹೇಳಿಕೊಂಡ: "ನೆಂಟರು ಬಂದ್ರೆ ಏನಂದ್ಕೋತಾರಕ್ಕಾ? ಒಂದ್ಸಲ ಬಳಸಿದ್ದನ್ನೇ ಒಣಗಿಸಿ ಇಟ್ಟಿದಾರೆ ಅಂತಾರೆ." ಇಡೀ ಮೇಜು ನಕ್ಕಿತು. ಅವಳೂ ನಕ್ಕಳು, ನಕ್ಕು ಮತ್ತೆ ಮೊದಲಿನಿಂದ ಹೇಳಿದಳು. ಮನೆಯಲ್ಲಿ ಅತ್ತೆ ಉಳಿದಿದ್ದ ಬಿಳಿ ರೋಲುಗಳನ್ನು ಬಟ್ಟೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಿನ್ನ ಕಾಲುವೆ ನಿನಗೆ, ನನ್ನ ಮೂಗು ನನಗೆ ಎಂಬುದು ಅವರ ವಾದ.

ಹಂಚುವ ದಿನ ಅವಳು ಎಲ್ಲರಿಗಿಂತ ಮೊದಲು ಬೂದು ಕಟ್ಟು ಹೊತ್ತು, ಗೋದಾಮಿನ ಬಾಗಿಲಲ್ಲೇ ನಿಂತಳು. ಕೆಲವರು ಅವಳ ಮುಖ ನೋಡಿ ಬೂದು ತೆಗೆದುಕೊಂಡರು. ಕೆಲವರು ಮುಖ ತಪ್ಪಿಸಿ ಬಿಳಿ. ಕೊನೆಗೆ ಲೆಕ್ಕ ಅರವತ್ತೆರಡಕ್ಕೆ ನಿಂತಿತು. ಎಂಟು ಕಡಿಮೆ.

ಮ್ಯಾನೇಜರು ಪಟ್ಟಿಯನ್ನು ಇನ್ನೊಮ್ಮೆ ಎಣಿಸಿದರು. ವಾರಕ್ಕೆ ಎರಡು ದಿನ ಎರಡನೇ ಯಂತ್ರ ಬ್ಲೀಚಿಲ್ಲದೆ ಓಡಲಿ, ಉಳಿದ ದಿನ ಬಿಳಿ ಮಾಡೋಣ ಎಂದರು. ಮುಂದಿನ ತಿಂಗಳು ಅರ್ಧ ದಾಟಿದರೆ ಮತ್ತೆ ಮಾತಾಡೋಣ ಎಂದೂ ಸೇರಿಸಿದರು. ಅಂತೂ ಗೆದ್ದಿರಲ್ಲ ಎಂದ ಒಬ್ಬ ಗುಮಾಸ್ತ. ಅವಳಿಗೆ ಹಾಗನ್ನಿಸಲಿಲ್ಲ, ಸೋತೆ ಎನ್ನುವುದಕ್ಕೂ ಮನಸ್ಸು ಒಪ್ಪಲಿಲ್ಲ.

ಮರುದಿನ ಎರಡನೇ ಯಂತ್ರದಿಂದ ಮೊದಲ ಬಿಳಿ ಸುರುಳಿ ಇಳಿಯಿತು. ಬೆರಳಿಗೆ ಬೂದು ಕಾಗದಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. 'ಮೆತ್ತಗಿದೆ' ಎಂದು ಬರೆದಳು. ಬರೆದದ್ದು ನಿಜವೇ ಆಗಿತ್ತು. ಎರಡನೇ ಸುರುಳಿ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಬಿಳಿ ಒಯ್ದವರ ಪಟ್ಟಿಯನ್ನು ಮಡಿಸಿ ಹಿಡಿದು, ಅದರಲ್ಲಿ ಮೊದಲ ಹೆಸರಿನ ಬಾಯ್ಲರಿನವನು ಎಲ್ಲಿದ್ದಾನೆಂದು ವಿಚಾರಿಸುತ್ತ ಅವಳು ಮೆಟ್ಟಿಲಿಳಿದಳು.