ಕುಸುಬಿ ಎಣ್ಣೆ ಕುಡಿದ ಕ್ಯಾಸೆಟ್

ಸತ್ತವರ ದನಿ ಕೇಳಿತು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಟೇಪ್ ರೆಕಾರ್ಡರ್ ರಿಪೇರಿ ಮಾಡಿ ಹೊಟ್ಟೆ ಹೊರೆದವನು ನಾನು. ದನಿ ಎಂದರೆ ಕಂದು ಪಟ್ಟಿಗೆ ಮೆತ್ತಿದ ಪುಡಿ, ಪುಡಿ ಹೋದರೆ ದನಿಯೂ ಹೋಯಿತು ಎಂದು ವಾದಿಸಿ ಹಲವರ ಬಾಯಿ ಮುಚ್ಚಿಸಿದ್ದೇನೆ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಹೇಳುವುದಿಲ್ಲ. ನನಗೇ ಇದು ಇನ್ನೂ ಪೂರ್ತಿ ಗಂಟಲಿಗಿಳಿದಿಲ್ಲ, ಸಿಟ್ಟು ಬರುವುದೂ ಅದಕ್ಕೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ವಿಜಾಪುರದಲ್ಲಿ ಗೋಳಗುಮ್ಮಟದ ಕಡೆ ನನ್ನ ಅಂಗಡಿ. ಒಂದು ಮಧ್ಯಾಹ್ನ ನಿಡೋಣಿಯ ಬಸವಂತ ಎಂಬ ರೈತ ತನ್ನ ಟೇಪ್ ರೆಕಾರ್ಡರನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಬಂದ. ಮುಚ್ಚಳ ತೆಗೆದರೆ ಒಳಗೆಲ್ಲ ಎಣ್ಣೆ. ಕ್ಯಾಸೆಟ್ಟಿನ ಪಟ್ಟಿ ರಬ್ಬರ್ ಗಾಲಿಗೆ ಸುತ್ತಿಕೊಂಡು ಗಂಟಾಗಿತ್ತು.

"ಏನ ಹಾಕೀರಿ ಇದಕ್ಕ?"

"ಕಿರ್ ಕಿರ್ ಅನ್ನಾಕತ್ತಿತ್ತರಿ. ಒಂದೀಟ ಕುಸಬಿ ಎಣ್ಣಿ ಬಿಟ್ಟೇನ್ರಿ."

"ಇದೇನ ಚಕ್ಕಡಿ ಗಾಲಿ ಅಂತ ತಿಳಕೊಂಡೀರೇನು? ಹೋಗ್ರಿ, ಚಾ ಕುಡದ ಬರ್ರಿ. ಎದುರಿಗೆ ಕುಂತ್ರ ನನ್ನ ಕೈ ಓಡಂಗಿಲ್ಲ!"

ಅವನು ತಲೆ ತಗ್ಗಿಸಿಕೊಂಡು ಹೋದ. ನಾನು ಬೈಯುತ್ತಲೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಪಟ್ಟಿಯ ದನಿ ಓದುವ ಹೆಡ್ಡು ಒರೆಸಿದೆ, ರಬ್ಬರ್ ಗಾಲಿ ಒರೆಸಿದೆ. ಪಟ್ಟಿಯ ಗಂಟನ್ನು ಬಿಡಿಸಿ, ನಿಧಾನವಾಗಿ ಒರೆಸಿ, ಒಣಗಿಸಬಹುದಿತ್ತು. ನನಗೆ ತಾಳ್ಮೆ ಇರಲಿಲ್ಲ. ಎರಡು ಗೇಣುದ್ದ ಕತ್ತರಿಸಿ, ಉಳಿದ ತುದಿಗಳನ್ನು ಕೂಡಿಸಿ ಅಂಟಿಸಿದೆ. ಕತ್ತರಿಸಿದ್ದನ್ನು ಬೆಸುಗೆಗೆಂದು ಹೊತ್ತಿಸಿಟ್ಟಿದ್ದ ಕೆಂಡದ ಶೇಗಡಿಗೆ ಎಸೆದೆ. ಅದು ಮುದುಡಿ, ಕೆಟ್ಟ ವಾಸನೆ ಬಿಟ್ಟು ಕರಗಿ ಮುದ್ದೆಯಾಯಿತು.

ಬಸವಂತ ಮರಳಿ ಬಂದು ಬಾಗಿಲಲ್ಲೇ ನಿಂತ.

"ಸಿಟ್ಟಾಗಬ್ಯಾಡ್ರಿ. ಅದರಾಗ ನಮ್ಮವ್ವ ಬೀಸೂ ಪದ ಹಾಡ್ಯಾಳ್ರಿ. ಈಗ ಅಕಿ ಇಲ್ಲ. ನಮ್ಮಕ್ಕ ಶಾಂತವ್ವ ಅವ್ವನ ಕೂಡ ಜಗಳಾಡಿ ಕಳ್ಳಕವಟಗಿ ಊರಿಗೆ ಹೋದಾಕಿ, ಅವ್ವ ಸಾಯೂತನಕ ಬರಲಿಲ್ರಿ. ಈಗ 'ಅವ್ವ ನನಗ ಶಾಪಾ ಹಾಕಿ ಸತ್ತಾಳ' ಅಂತ ಅಕ್ಕ ಊಟಾ ಬಿಟ್ಟಾಳ. ಆದ್ರ ಅವ್ವ ಹಾಡ ನಿಲ್ಲಿಸಿ ಅಕಿ ಹೆಸರ ತಗೊಂಡಾಳ್ರಿ, ನಾ ಕೇಳೇನಿ. ಸರಿಯಾಗಿ ಆ ಮಾತಿಗೇ ಪಟ್ಟಿ ಸಿಕ್ಕೊಂತರಿ. ಇವತ್ತ ಹೋಗಿ ಅಕ್ಕಗ ಕೇಳಿಸ್ತೇನಿ."

ಆ ಮಾತು ಶೇಗಡಿಯಲ್ಲಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ಎಣ್ಣೆ ಬಿಟ್ಟವನು ಅವನು, ಅನುಭವಿಸಲಿ ಎಂದು ಮನಸ್ಸಿನಲ್ಲೇ ಅವನನ್ನು ಇನ್ನಷ್ಟು ಬೈದು ಗುಂಡಿ ಒತ್ತಿದೆ.

ಬೀಸುಕಲ್ಲಿನ ಗುರುಗುರು, ಮುದುಕಿಯ ಹಾಡು. ನಾನು ಅಂಟಿಸಿದ ಜಾಗ ಬಂದಾಗ ಟಿಕ್ ಎಂದಿತು. ಕಲ್ಲು ನಿಂತಿತು. "ಶಾಂತವ್ವ ಬಂದ್ಲೇನೋ ಯಪ್ಪಾ? ಬಂದ್ರ ಮೊದಲ ಉಣ್ಣಾಕ ಹಾಕ್ರಿ." ಮತ್ತೆ ಕಲ್ಲು ತಿರುಗಿತು, ಹಾಡು ಮುಂದುವರಿಯಿತು.

ಬಸವಂತ ಗೋಡೆಗೆ ಒರಗಿ ಅಳತೊಡಗಿದ. ನಾನು ಕ್ಯಾಸೆಟ್ಟನ್ನು ಕಿತ್ತು, ಬಿಚ್ಚಿ ನೋಡಿದೆ. ನನ್ನ ಕೈಯ ಅಂಟು ಹಾಗೇ ಇತ್ತು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ, ಮೂರನೆಯ ಸಲವೂ ಹಾಕಿದೆ. ಪ್ರತಿ ಸಲ ಟಿಕ್ ಎನ್ನುವ ಸದ್ದು, ಅದರ ಬೆನ್ನಿಗೇ ಆ ಮಾತು. ಶೇಗಡಿಯ ಕೆಂಡದ ಮೇಲೆ ಪಟ್ಟಿಯ ಕಪ್ಪು ಮುದ್ದೆ ಇನ್ನೂ ಹೊಗೆಯಾಡುತ್ತಿತ್ತು.

ಕ್ಯಾಸೆಟ್ಟಿನೊಳಗೆ ಪಟ್ಟಿಯ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಹತ್ತುತ್ತದೆ, ಅದನ್ನೇ ಕೇಳಿರುತ್ತೀ ಎಂದು ಮುಂದೆ ತಿಳಿದವರೊಬ್ಬರು ನನಗೆ ಪಾಠ ಹೇಳಿದರು. ನನಗೇ! ಹಾಗೆ ಹತ್ತುವುದು ಕ್ಷೀಣವಾದ ಮಾರ್ದನಿ, ಅದೂ ಹಾಡಿನ ಅಡಿಯಲ್ಲಿ. ಕಲ್ಲು ನಿಲ್ಲಿಸಿ ಆಡಿದ ಪೂರಾ ಮಾತು ಹಾಗೆ ಹತ್ತುವುದಿಲ್ಲ. ಅವರೊಡನೆ ನಾನು ಮತ್ತೆ ಮಾತಾಡಲಿಲ್ಲ.

ಹೊರಡುವಾಗ ಬಸವಂತ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ನಮ್ಮವ್ವನ ಮಾತ ಉಳಿಸಿದ್ರಿ" ಎಂದ. ಸುಳ್ಳು ಎಂದು ಕೂಗಬೇಕೆನಿಸಿತು. ರೆಕಾರ್ಡರನ್ನು ಅವನ ಧೋತರದಲ್ಲಿ ಸುತ್ತಿ ಕೊಟ್ಟೆ. ಆ ಮಾತನ್ನು ಉಳಿಸಿದವರು ಯಾರೋ ನನಗೆ ಇಂದಿಗೂ ಗೊತ್ತಿಲ್ಲ. ಸುಟ್ಟವನು ಯಾರೆಂದು ಮಾತ್ರ ಗೊತ್ತು.