ನಡುವ ಏನೋ ಆಗೇತಿ

ಬಳೆಗಾರ ಮಾವಶಿಯ ಬಲಗೈ ಹೆಬ್ಬೆರಳಿನ ತುಂಬ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು. ಊರ ಹೆಂಗಸರ ಕೈಗೆ ಗಾಜಿನ ಬಳೆ ಏರಿಸುವಾಗ ಬೆರಳಿನಲ್ಲೇ ಚೂರಾದ ಬಳೆಗಳು ಗೀರಿ ಹೋದ ಗಾಯ, ಮಾಯ್ದ ಮೇಲೆ ಉಳಿದ ಗೆರೆ. ಆ ಹೆಬ್ಬೆರಳಿನಿಂದ ಅವರು ನಮ್ಮ ಗೆಣ್ಣುಗಳನ್ನು ಒತ್ತಿ ಹಿಂಡಿ ಕೈಯನ್ನು ಮೊಗ್ಗಿನಂತೆ ಮಾಡುತ್ತಿದ್ದರು. "ಅಯ್ಯೋ" ಎಂದು ಬಾಯಿ ತೆರೆಯುವಷ್ಟರಲ್ಲಿ ಬಳೆ ಮಣಿಕಟ್ಟು ಸೇರಿರುತ್ತಿತ್ತು. ಅಳುಮುಖ ಮಾಡಿದವರಿಗೆ, "ನೋವು ಬಳಿ ಏರೂತನಕ ಅಷ್ಟ. ಏರಿದ ಮ್ಯಾಲ ಗಿಲಿಗಿಲಿ ಅನಿಸಿಕೋತ ನೀನ ಓಣಿ ತುಂಬ ಅಡ್ಡಾಡ್ತಿ" ಎನ್ನುತ್ತಿದ್ದರು. ನಾವು ಹಾಗೇ ಅಡ್ಡಾಡುತ್ತಿದ್ದೆವು.

ಮಾವಶಿ ಎಂದರೆ ಮರಾಠಿಯಲ್ಲಿ ತಾಯಿಯ ಅಕ್ಕ ಇಲ್ಲವೆ ತಂಗಿ. ಇವರು ನಮಗೆ ಯಾವ ಕಡೆಯಿಂದಲೂ ಸಂಬಂಧಿಕರಲ್ಲ. ನಿಪ್ಪಾಣಿಯಲ್ಲಿ ಹುಟ್ಟಿ, ಲಗ್ನವಾಗಿ ಚಿಕ್ಕೋಡಿಯ ನಮ್ಮ ಓಣಿಗೆ ಬಂದವರು. ಸಿಟ್ಟು ಬಂದರೆ ಮರಾಠಿ, ಮುದ್ದು ಬಂದರೆ ಕನ್ನಡ. ಎರಡೂ ಒಮ್ಮೆಗೇ ಬಂದರೆ ಕೇಳುವವರ ಪಾಡು ದೇವರಿಗೇ ಪ್ರೀತಿ. ಗಂಡ ಬೇಗ ತೀರಿಕೊಂಡ ಮೇಲೆ ಬಳೆಯ ಗಂಟನ್ನು ತಾವೇ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗಿ ಇಬ್ಬರು ಮಕ್ಕಳನ್ನು ಸಾಕಿದರು. ಅವರಿಗಿದ್ದ ಚಟ ಒಂದೇ, ಸಿನಿಮಾ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಹೈಸ್ಕೂಲು ಹುಡುಗಿ. "ಮಾವಶಿ ಜೋಡಿ ಆದ್ರ ಹೋಗು, ಇಲ್ಲಾಂದ್ರ ಇಲ್ಲ" ಎಂಬುದು ನಮ್ಮವ್ವನ ಕಾಯಿದೆ. ಹೀಗಾಗಿ ರವಿವಾರ ಮಧ್ಯಾಹ್ನದ ಆಟಕ್ಕೆ, ಕನ್ನಡವಿರಲಿ ಮರಾಠಿಯಿರಲಿ ಹಿಂದಿಯಿರಲಿ, ಟಾಕೀಸಿನ ಹೆಂಗಸರ ಬಾಕಿನ ಮೇಲೆ ಮಾವಶಿ ಮತ್ತು ನಾನು, ನಡುವೆ ಚುನಮುರಿಯ ಪೊಟ್ಟಣ.

ಮಾವಶಿಗೆ ಕಥೆ ಬೇಕಾಗಿರಲಿಲ್ಲ. ಆಟ ಬಿಟ್ಟು ಹೊರಗೆ ಬರುವಾಗ, "ಕಡೀಕ ಆಕಿ ಲಗ್ನ ಆತೇನ?" ಎಂದು ನನ್ನನ್ನೇ ಕೇಳುತ್ತಿದ್ದರು. ಮೂರು ತಾಸು ಅವರು ನೋಡಿರುತ್ತಿದ್ದುದು ಕೈಗಳನ್ನು ಮಾತ್ರ. ನಾಯಕಿ ಬಾಗಿಲಲ್ಲಿ ನಿಂತು ಅಳುವಾಗ ಕೈತುಂಬ ಹಸಿರು ಬಳೆ. ಅದೇ ಅಳುವನ್ನು ಮುಂದುವರಿಸುತ್ತ ಹೊಸ್ತಿಲು ದಾಟಿ ಒಳಗೆ ಬಿದ್ದರೆ ಕೆಂಪು ಬಳೆ. ಟಾಕೀಸಿಗೆ ಟಾಕೀಸೇ ಮೂಗು ಒರೆಸಿಕೊಳ್ಳುತ್ತಿರುವಾಗ ಮಾವಶಿಯ ದನಿ ಏಳುತ್ತಿತ್ತು, "ನಡುವ ಏನೋ ಆಗೇತಿ!" ಹೆಂಗಸರ ಬಾಕುಗಳೆಲ್ಲ ಗೊಳ್ಳೆಂದು ನಗುತ್ತಿದ್ದವು. ಮುಂದಿನ ಸಾಲಿನ ಗಂಡಸರು ತಿರುಗಿ ನೋಡಿ ಬೈಯುತ್ತಿದ್ದರು, ಮಾವಶಿ ಕ್ಯಾರೇ ಎನ್ನುತ್ತಿರಲಿಲ್ಲ.

ಒಂದು ಚಿತ್ರದಲ್ಲಿ ನಾಯಕಿ ಮಾನ ಕಾಪಾಡಿಕೊಳ್ಳಲು ಹೊಳೆಗೆ ಹಾರಿದಳು. ಹಾರುವಾಗ ಕೈಯಲ್ಲಿ ನಾಲ್ಕು ಬಳೆ. ಮೀನುಗಾರನೊಬ್ಬ ಎತ್ತಿ ದಂಡೆಗೆ ಹಾಕಿದಾಗ ಡಜನ್ ಬಳೆ, ಅದೂ ಚಮಕಿ ಹಚ್ಚಿದ್ದು. "ಆ ಹೊಳಿಯಾಗ ಬಳಿ ಅಂಗಡಿ ಐತೇನಪಾ? ಪ್ರತಿ ಅಮಾಸಿಗೆ ಯಡೂರ ಹೊಳಿಯಾಗ ಮುಳುಗಿ ಏಳತೇನಿ, ನನ್ನ ಕೈಗೆ ಒಂದೂ ಸಿಕ್ಕಿಲ್ಲ!" ಎಂದುಬಿಟ್ಟರು. ಆ ದಿನ ಬೈಯುವ ಗಂಡಸರೂ ನಕ್ಕರು.

ಇದೆಲ್ಲ ಯಾಕೆ ಹೀಗಾಗುತ್ತದೆ ಎಂದು ನಾನು ಕೇಳಿದ್ದೆ. ಮಾವಶಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾವೇ ಊಹಿಸಿದ್ದರು. "ಬಾಗಲದ ಸೀನ ಒಂದ ದಿವಸ ತಗೀತಾರ, ಒಳಗಿನ ಖೋಲಿದು ತಿಂಗಳಾ ಬಿಟ್ಟ ತಗೀತಾರ. ನಮಗ ಒಂದ ಹೆಜ್ಜಿ, ಅವ್ರಿಗೆ ಒಂದ ತಿಂಗಳ. ನಡುವ ಆಕಿ ಊರಿಗೆ ಹೋಗಿರ್ತಾಳ, ಜಳಕಾ ಮಾಡಿರ್ತಾಳ, ಬಳಿ ತಗದ ಇಟ್ಟಿರ್ತಾಳ." ಮತ್ತೆ ಹೇಳಿದರು, "ಮುಖಾ ನೋಡಬ್ಯಾಡ. ಮುಖಕ್ಕ ಪಗಾರ ಕೊಟ್ಟಿರ್ತಾರ, ಹೇಳಿದಂಗ ಮಾಡತೈತಿ. ಕೈಗೆ ಯಾರೂ ಕೊಟ್ಟಿರೂದಿಲ್ಲ."

ನಾನೂ ಕಲಿತೆ. ಅರ್ಧ ಕುಡಿದ ಲೋಟ ತುಂಬಿದ್ದು, ಎಡಕ್ಕಿದ್ದ ಬೈತಲೆ ಬಲಕ್ಕೆ ಹೋದದ್ದು, ಪುರಾಣದ ರಾಜನ ತೋಳಿನ ಮೇಲೆ ದೇವಿ ಬೇನೆ ಬರದಂತೆ ಚುಚ್ಚಿದ ಲಸಿಕೆಯ ಗುರುತು ಇದ್ದದ್ದು, ಎಲ್ಲ ಹಿಡಿಯುತ್ತಿದ್ದೆ. ಶಾಲೆಯಲ್ಲಿ ಗೆಳತಿಯರೆದುರು ಹೇಳಿ ಮೆರೆಯುತ್ತಿದ್ದೆ. ನನ್ನಷ್ಟು ಚುರುಕು ಕಣ್ಣು ಚಿಕ್ಕೋಡಿ ತಾಲೂಕಿನಲ್ಲೇ ಇಲ್ಲ ಎಂಬ ಸೊಕ್ಕೂ ಬಂದಿತ್ತು.

ಒಮ್ಮೆ ಮಾತ್ರ ಮಾವಶಿ ನನ್ನ ಬಾಯಿ ಮುಚ್ಚಿಸಿದರು. ಯಾವುದೋ ಹಳೆಯ ಕಪ್ಪುಬಿಳುಪು ಚಿತ್ರ. ಅದರ ಸೊಸೆಯ ಕೈಯಲ್ಲಿ ಮೊದಲು ಹನ್ನೆರಡು ಬಳೆ, ಹಬ್ಬದ ದಿನ ಎಂಟು, ಮಳೆಗಾಲದಲ್ಲಿ ಮೂರು. ನಾನು ಉತ್ಸಾಹದಿಂದ, "ಮಾವಶಿ, ತಪ್ಪು! ತಪ್ಪು!" ಎಂದೆ. ಅವರು ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದರು. ಆಗಲೇ ಕಣ್ಣು ತುಂಬಿಕೊಂಡಿದ್ದರು, ಕಥೆಯಲ್ಲಿ ಇನ್ನೂ ಯಾರೂ ಅತ್ತಿರಲಿಲ್ಲ. "ತಪ್ಪಲ್ಲ ಮಗಳ. ಮಾಡಿದಾಂವ ತಿಳದ ಮಾಡ್ಯಾನ. ಒಮ್ಮಿ ತಪ್ಪಿದ್ರ ಅದು ಮರವು. ತಿರಗಿ ತಿರಗಿ ತಪ್ಪಿದ್ರ ಅದು ಏನೋ ಹೇಳಾಕತ್ತೈತಿ." ಇದಾಗಿ ಅರ್ಧ ತಾಸಿನ ಮೇಲೆ ಆ ಸೊಸೆ ಬಾವಿಗೆ ಬಿದ್ದಳು. ನಾನು ಬೆಚ್ಚಿದೆ. ಬೆಚ್ಚಿದೆನೇ ಹೊರತು ಕಲಿಯಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ನಮ್ಮಕ್ಕನ ಮದುವೆಯಾಗಿತ್ತು. ಅಥಣಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು, ಹೊಲ ಮನೆ ಇದ್ದ ಕುಟುಂಬ. ಮದುವೆಯ ಬಳೆ ಇಡಿಸಿದವರು ಮಾವಶಿಯೇ. ನಾಗರಪಂಚಮಿಗೆ ಅಕ್ಕ ತವರಿಗೆ ಬಂದಾಗ ಕೈಯಲ್ಲಿ ಮದುವೆಯ ಬಳೆ ಒಂದೂ ಇರಲಿಲ್ಲ. ಮಾವಶಿ ಸುಮ್ಮನೆ ಹೊಸದಾಗಿ ಡಜನ್ ಡಜನ್ ಹಸಿರು ಬಳೆ ಇಟ್ಟು ಕಳಿಸಿದರು. ಒಂದೇ ತಿಂಗಳಿಗೆ ಚೌತಿ ಬಂತು, ಅಕ್ಕ ಮತ್ತೆ ಬಂದಳು, ಈ ಸಲ ಕೈತುಂಬ ಹಸಿರು ಬಳೆಯಿದ್ದವು. ಎಂಟು ದಿನ ಇದ್ದಳು. ಒಂದೇ ಕೌದಿ ಹೊದ್ದು ಮಲಗಿದೆವು, ಒಂದೇ ತಾಟಿನಲ್ಲಿ ಉಂಡೆವು. ಕಡುಬು ಚೆನ್ನಾಗಿಲ್ಲ ಎಂದು ಅವಳು ಬಿಟ್ಟದ್ದನ್ನು ನಾನು ತಿಂದೆ.

ಒಂಬತ್ತನೆಯ ದಿನದ ಬಸ್ಸಿಗೆ ಅಪ್ಪ ಅವಳನ್ನು ಗಂಡನ ಮನೆಗೆ ಬಿಟ್ಟುಬರುವುದೆಂದು ನಿಕ್ಕಿಯಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಮಾವಶಿಯನ್ನು ಕರೆಸಿದರು. ನಮ್ಮ ಕಡೆ ಮಗಳನ್ನು ಕಳಿಸುವಾಗ ಕೈತುಂಬ ಬಳೆ ಇಡಿಸಿ, ಕುಂಕುಮ ಹಚ್ಚಿ, ಅಕ್ಕಿ ಕೊಬ್ಬರಿ ಜಂಪರ ಪೀಸಿನಿಂದ ಉಡಿ ತುಂಬಬೇಕು. ಉಡಿಯ ಸಾಮಾನು ತಾಟಿನಲ್ಲಿ ತಯಾರಿತ್ತು.

ಮಾವಶಿ ಅಕ್ಕನ ಕೈ ಹಿಡಿದರು, ಹಿಡಿದವರು ಬಿಡಲಿಲ್ಲ. ಮೆಲ್ಲಗೆ ಕೇಳಿದರು, "ಬಳಿ ಎಷ್ಟ ಹೆಚ್ಚಿದವು ತಂಗಿ?"

ಬಳೆ ಒಡೆಯಿತು ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ, ಅಪಶಕುನ. ಹೆಚ್ಚಿತು ಎನ್ನುತ್ತಾರೆ.

"ನೀರ ಸೇದೂ ಮುಂದ ಹೆಚ್ಚಿದವ್ರಿ ಮಾವಶಿ."

"ಪಂಚಮಿಗೆ ನಾ ಇಟ್ಟಾವು ಎಲ್ಲಾ?"

"ಹೂಂ."

"ಎರಡೂ ಕೈವು?"

ಅಕ್ಕ ಕೈ ಎಳೆದುಕೊಳ್ಳಲು ನೋಡಿದಳು. ಮಾವಶಿ ಅವ್ವನ ಕಡೆ ತಿರುಗಿ, "ಅಕ್ಕಾರ, ನಡುವ ಏನೋ ಆಗೇತ್ರಿ" ಎಂದರು.

ನಾನು ರೂಢಿಯಂತೆ ನಕ್ಕುಬಿಟ್ಟೆ. ಆ ನಗು ನೆನಪಾದಾಗ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಮಾವಶಿ ಅಕ್ಕನ ಕೈಯನ್ನು ಎತ್ತಿ ಹಿಡಿದರು. ಬಳೆಗಳು ಜರ್ರನೆ ಮೊಣಕೈವರೆಗೆ ಜಾರಿದವು. "ಇವಳದು ಎರಡೂಕಾಲು ಅಳತಿ. ಇವು ಎರಡೂವರಿ. ಈಕಿ ಕೈ ಹಿಡದ ನೋಡಿ ತಂದಾವಲ್ಲ, ಗಡಿಬಿಡಿಯೊಳಗ ಯಾರೋ ತಂದ ತುರುಕ್ಯಾರ. ಬಾವಿ ಹಗ್ಗಕ್ಕ ಬಲಗೈಯಾಗಿನವು ಎರಡ ಮೂರ ಹೆಚ್ಚತಾವ. ಎರಡೂ ಕೈ ಒಮ್ಮೆ ಖಾಲಿ ಆಗಬೇಕಂದ್ರ ಯಾರರೆ ಹಿಡದಿರಬೇಕ್ರಿ." ಬಳೆ ಜಾರಿದ ಜಾಗದಲ್ಲಿ ಗಾಜು ಗೀರಿದ ಗೆರೆಗಳಿದ್ದವು, ಇನ್ನೂ ಕೆಂಪಗೆ. ಎಂಟು ದಿನ ಅವು ಬಳೆಯ ಕೆಳಗೇ ಇದ್ದವು.

ಪಡಸಾಲೆಯಿಂದ ಅಪ್ಪ ಎದ್ದು ಬಂದರು. ಅಪ್ಪ ವಕೀಲರ ಬಳಿ ಗುಮಾಸ್ತರು, ಬಿರುಸು ಮನುಷ್ಯ. "ಮಂದಿ ಸಂಸಾರದಾಗ ಕೈ ಹಾಕಬ್ಯಾಡ್ರಿ ಬಾಯಾರ. ಬಳಿ ಇಡ್ರಿ, ಹೋಗ್ರಿ."

"ಕೈ ಹಾಕೂದ ನನ್ನ ಕೆಲಸ ಐತ್ರಿ ಅಣ್ಣಾರ. ಹಿಡದ ಕೈ ಹೆಂಗ ಬಿಡ್ಲಿ?"

"ಸಾಕ್ಷಿ ಏನೈತಿ?"

"ನಿಮ್ಮ ಕೋರ್ಟಿಗೆ ಬೇಕಾಗೂ ಸಾಕ್ಷಿ ನನ್ನ ಹಂತೇಕ ಇಲ್ರಿ. ಲಗ್ನದ ಬಳಿ ಹ್ವಾದಾಗ ನಾ ಮರವು ಅಂತ ಬಿಟ್ಟೆ. ಅದು ನನ್ನ ತಪ್ಪು. ಇದು ಎರಡನೇದು." ಮಾವಶಿ ಗಂಟು ಕಟ್ಟತೊಡಗಿದರು. "ಈ ಕೈಗೆ ಇವತ್ತ ನಾ ಬಳಿ ಇಡೂದಿಲ್ಲ."

"ಬ್ಯಾರೆದವ್ರನ್ನ ಕರಸ್ತೀನಿ!"

"ಕರಸ್ರಿ. ಅವ್ರು ಬಳಿ ನೋಡ್ತಾರ, ಕೈ ನೋಡೂದಿಲ್ಲ."

ನಮ್ಮವ್ವ ಅಪ್ಪನ ಮಾತಿಗೆ ಎದುರಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ದಿನವೂ ಅವಳು ದನಿ ಏರಿಸಲಿಲ್ಲ. ಎದ್ದು, ಉಡಿಯ ತಾಟನ್ನು ತೆಗೆದುಕೊಂಡು, ಅಕ್ಕಿಯನ್ನು ತಿರುಗಿ ಡಬ್ಬಿಗೆ ಸುರಿದಳು. "ಬಳಿ ಇಡದ ಉಡಿ ತುಂಬಾಕ ಬರೂದಿಲ್ರಿ. ಉಡಿ ತುಂಬದ ಮಗಳನ್ನ ಕಳಸಾಕ ಬರೂದಿಲ್ಲ. ನಾಳಿ ಬಸ್ಸಿಗೆ ಆಕಿ ಹೋಗೂದಿಲ್ಲ" ಎಂದಳು. ಪದ್ಧತಿಯನ್ನು ಮೀರಿದವಳಲ್ಲ ನಮ್ಮವ್ವ. ಆವತ್ತು ಅದೇ ಪದ್ಧತಿಯನ್ನು ಬಾಗಿಲಿಗೆ ಅಗಳಿಯ ಹಾಗೆ ಹಾಕಿಬಿಟ್ಟಳು. ಅಕ್ಕ ಆಗ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಅತ್ತ ಮೇಲೆ ಎಲ್ಲವನ್ನೂ ಹೇಳಿದಳು. ತಿರುಗಿ ಆ ಮನೆಗೆ ಹೋದರೆ ಬಾವಿಯೇ ಗತಿ ಎಂದು ತೀರ್ಮಾನ ಮಾಡಿಕೊಂಡಿದ್ದಳಂತೆ. ಅವಳು ಹೇಳಿದ ಉಳಿದದ್ದನ್ನು ಇಲ್ಲಿ ಬರೆಯಲಾರೆ.

ಅಪ್ಪ ಎರಡು ದಿನ ಊಟ ಬಿಟ್ಟು ಕೂತರು. ಮೂರನೆಯ ದಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಅಕ್ಕನ ಟ್ರಂಕು ತಂದರು. ಮುಂದೆ ಕೋರ್ಟಿನ ಕಾಗದಗಳನ್ನೆಲ್ಲ ತಾವೇ ಬರೆದರು. ಮಾವಶಿಯೆದುರು ಮಾತ್ರ ಬಹಳ ದಿನ ತಲೆ ಎತ್ತಲಿಲ್ಲ. ಮಾವಶಿಯೇ ಒಂದು ದಿನ, "ಅಣ್ಣಾರ, ಚಹಾ ಕುಡಸ್ತೀರೋ ಹಂಗ ಕಳಸ್ತೀರೋ?" ಎಂದು ಪಡಸಾಲೆಯಲ್ಲಿ ಕೂತು ಮಾತು ಶುರು ಮಾಡಿದರು.

ಊರು ಸುಮ್ಮನಿರಲಿಲ್ಲ. "ಬಳಗಾರ್ತಿ ಮನಿ ಮುರದ್ಲು" ಎಂದಿತು. ಎಷ್ಟೋ ಮನೆಗಳವರು ಅವರನ್ನು ಕರೆಯುವುದನ್ನು ಬಿಟ್ಟರು. ಮಾವಶಿಯೋ, "ಬಳಿ ಇಡಿಸಿಕೊಳ್ಳಾವ್ರು ಕಮ್ಮಿ ಆದ್ರ ಸಿನೇಮಾ ಜಾಸ್ತಿ ನೋಡೂಣು, ನಡಿ" ಎಂದು ಸೆರಗು ಕೊಡವಿ ಎದ್ದರು. ಮುಂದಿನ ಪಂಚಮಿ ಬಂತು. ಬಾಗಿಲು ಹಾಕಿಕೊಂಡಿದ್ದ ಮನೆಗಳ ತಾಯಂದಿರೇ, ತವರಿಗೆ ಬಂದ ಹೆಣ್ಣುಮಕ್ಕಳನ್ನು ಮುಂದೆ ಮಾಡಿಕೊಂಡು, ಒಬ್ಬೊಬ್ಬರಾಗಿ ಅವರ ಮನೆಗೇ ಬಂದರು. ಬಳೆಯ ಮಾತು ಆಮೇಲೆ. ಮೊದಲು ಅವರು ಅನ್ನುತ್ತಿದ್ದುದು, "ಸ್ವಲ್ಪ ಕೈ ನೋಡ್ರಿ ಮಾವಶಿ."

ಅಕ್ಕ ಓದನ್ನು ಮುಂದುವರಿಸಿದಳು. ಶಿಕ್ಷಕರ ತರಬೇತಿ ಮುಗಿಸಿ, ತೊಂಬತ್ತರ ದಶಕದ ಮೊದಲಿಗೆ ರಾಯಬಾಗ ತಾಲೂಕಿನ ಪಾಲಬಾವಿಯಲ್ಲಿ ಕನ್ನಡ ಶಾಲೆಗೆ ಸೇರಿದಳು. ಹೊರಡುವ ದಿನ ಬೆಳಿಗ್ಗೆ ತಾನೇ ಹೋಗಿ ಮಾವಶಿಯೆದುರು ಕೈ ಚಾಚಿ ಕೂತಳು.

"ಯಾವ ಬಣ್ಣದವು ಇಡಲಿ ಅವ್ವಾ?"

ಅಕ್ಕ ತಬ್ಬಿಬ್ಬಾದಳು. ಲಗ್ನಕ್ಕೆ ಹಸಿರು, ಹಬ್ಬಕ್ಕೆ ಹಸಿರು ಎಂದು ಹಿರಿಯರು ಹೇಳಿದ್ದೇ ಬಣ್ಣವಾಗಿತ್ತು ಅಲ್ಲಿಯವರೆಗೆ. ಬಹಳ ಹೊತ್ತು ಗಂಟನ್ನು ನೋಡಿ, ಕಡೆಗೆ ಅರಿಸಿನ ಬಣ್ಣದವನ್ನು ತೋರಿಸಿದಳು. ಕಪ್ಪು ಮೈಬಣ್ಣದ ನಮ್ಮಕ್ಕನಿಗೆ ಅವು ಒಪ್ಪುವುದಿಲ್ಲ ಎಂದು ನನಗೆ ಅನಿಸಿತ್ತು. ಒಪ್ಪಿದವು.

ಆ ದಶಕ ಮುಗಿಯುವ ಹೊತ್ತಿಗೆ ಮಾವಶಿಯ ಎರಡೂ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿತ್ತು. ಮನೆಮನೆಗೆ ಟೀವಿ ಬಂದು ಟಾಕೀಸು ಖಾಲಿ ಹೊಡೆಯುತ್ತಿತ್ತು. ರಜೆಯಲ್ಲಿ ನಾನು ಹೋದರೆ, "ಆಕಿ ಕೈಯಾಗ ಏನದಾವ ಹೇಳ" ಎಂದು ಟೀವಿ ಮುಂದೆ ಕೂರಿಸಿಕೊಳ್ಳುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ತಪ್ಪು ಹಿಡಿಯುತ್ತಿದ್ದರು. ಒಂದು ಮಾಘಮಾಸದ ಬೆಳಿಗ್ಗೆ, ಸೊಸೆ ಚಹಾ ತರುವಷ್ಟರಲ್ಲಿ, ಕೂತಲ್ಲೇ ಹೋದರು. ಅಪ್ಪ ಹೆಗಲು ಕೊಟ್ಟರು. ಆ ಹೆಗಲು ಮನೆಯವರದೇ ಆಗಬೇಕೆಂದು ಯಾರೋ ತಕರಾರು ತೆಗೆದಾಗ, "ನಾನೂ ಆಕಿ ಮನಿಯಾಂವನ" ಎಂದರು.

ನಾನು ಎಷ್ಟೋ ಸಿನಿಮಾಗಳನ್ನು ಅವರ ಪಕ್ಕದಲ್ಲಿ ಕೂತು ನೋಡಿದೆ, ಎಷ್ಟೋ ಡಜನ್ ಬಳೆ ಅವರ ಕೈಯಿಂದ ಇಡಿಸಿಕೊಂಡೆ. ಒಂದು ದಿನವೂ ಅವರ ಕಾಲು ಮುಟ್ಟಿ, ನಾನು ಕಾಣದ್ದನ್ನು ನೀವು ಕಂಡಿರಿ ಎಂದು ಹೇಳಲಿಲ್ಲ. ಹೇಳಬೇಕಿತ್ತು. ಅಕ್ಕನಿಗೆ ಈಗ ಅರವತ್ತು ದಾಟಿದೆ. ಮೊನ್ನೆ ನನ್ನ ಮನೆಗೆ ಬಂದವಳು ಹೋಳಿಗೆಗೆ ಬೆಲ್ಲ ಕಡಿಮೆಯಾಯಿತೆಂದು ತಕರಾರು ತೆಗೆದಳು, ನಾನು ಬಿಡಲಿಲ್ಲ, ಮಾತು ಬೆಳೆದು ಅವಳು ಸಂಜೆಯ ಬಸ್ಸಿಗೇ ಹೋಗುತ್ತೇನೆಂದು ಚೀಲ ಹಿಡಿದಳು, ನಾನು ಚೀಲ ಕಸಿದುಕೊಂಡೆ. ಇಬ್ಬರೂ ಮುಖ ಊದಿಸಿಕೊಂಡು ಅದೇ ಹೋಳಿಗೆ ತಿಂದೆವು. ಹೀಗೆ ಜಗಳಾಡಲಿಕ್ಕೆ ನನಗೊಬ್ಬ ಅಕ್ಕ ಇದ್ದಾಳೆ.